ಹೊಸ ಮನೆಗೆ ಮೊದಲ ದೊಡ್ಡ ಟಿವಿ: 55 ಇಂಚು ಸಾಕಾ, 65 ಬೇಕಾ? ಬಜೆಟ್ 60 ಸಾವಿರ

ಹೊಸಮನೆ_ಮೈಸೂರು:

ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದ ಮೇಲೆ ಈಗ ವಿಜಯನಗರ 4ನೇ ಹಂತದಲ್ಲಿ ನಮ್ಮದೇ ಒಂದು ಮನೆ ಎದ್ದಿದೆ. ಇನ್ನು ಒಂದೂವರೆ ತಿಂಗಳಿಗೆ ಗೃಹಪ್ರವೇಶ. ಇಷ್ಟು ದಿನ 32 ಇಂಚಿನ ಹಳೇ ಟಿವಿಯಲ್ಲೇ ನಡೆಯಿತು. ಅದನ್ನು ಅಪ್ಪ ಅಮ್ಮನ ರೂಮಿಗೆ ಹಾಕಿ, ಹಾಲ್‌ಗೆ ಒಂದು ದೊಡ್ಡದು ತೆಗೆದುಕೊಳ್ಳೋಣ ಅಂತ ನಾನೂ ಹೆಂಡತಿಯೂ ತೀರ್ಮಾನ ಮಾಡಿದ್ದೇವೆ. ಮನೆ ಸಾಲದ ಕಂತು ಶುರುವಾಗಿದೆ, ಕೈ ಬಿಗಿ. 60 ಸಾವಿರ ದಾಟಲು ಆಗುವುದಿಲ್ಲ, ಒಂದು ಸಲ ತೆಗೆದುಕೊಂಡರೆ ಎಂಟು ವರ್ಷವಾದರೂ ಬಾಳಬೇಕು.

ಹಾಲ್ 11 ಅಡಿ ಅಗಲ, 16 ಅಡಿ ಉದ್ದ. ಸೋಫಾದಲ್ಲಿ ಕೂತರೆ ಟಿವಿ ಗೋಡೆ ಸುಮಾರು 9 ಅಡಿ ದೂರ. ಸೋಫಾ ಹಿಂದೆ ಪಶ್ಚಿಮಕ್ಕೆ ದೊಡ್ಡ ಕಿಟಕಿ ಇದೆ. ಸಂಜೆ ಬಿಸಿಲು ನೇರ ಟಿವಿ ಗೋಡೆಗೇ ಬೀಳುತ್ತದೆ.

ನೋಡುವವರು ಯಾರು ಅಂದರೆ: ಅಪ್ಪನಿಗೆ ಬೆಳಗ್ಗೆ ಚಂದನ, ಆಮೇಲೆ ಮಧ್ಯಾಹ್ನದವರೆಗೂ ನ್ಯೂಸ್. ಅಮ್ಮನಿಗೆ ಸಂಜೆ ಆರೂವರೆಯಿಂದ ಹತ್ತರವರೆಗೆ ಧಾರಾವಾಹಿ, ಅವರು ಮಂಡಿ ನೋವಿಗೆ ಕಾಲು ಚಾಚಬೇಕು ಅಂತ ಪಕ್ಕದ ದಿವಾನದ ಮೇಲೆ ಕೂರುತ್ತಾರೆ. ನನಗೆ ಕ್ರಿಕೆಟ್. ರಾತ್ರಿ ಮಗು ಮಲಗಿದ ಮೇಲೆ ನಾವಿಬ್ಬರೂ ಒಂದು ಸಿನಿಮಾ.

ಅಂಗಡಿಗೆ ಹೋದರೆ ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ, ಡಾಲ್ಬಿ ವಿಷನ್ ಅಂತ ಒಂದೇ ಉಸಿರಿಗೆ ಹೇಳುತ್ತಾರೆ. ಅದೇ ದುಡ್ಡಿಗೆ ಒಂದು ಕಡೆ 65 ಇಂಚಿನ ಸಾದಾ ಟಿವಿ, ಇನ್ನೊಂದು ಕಡೆ 55 ಇಂಚಿನ ಒಳ್ಳೇ ಟಿವಿ. ಯಾವುದು ಸರಿ? ಮುಂದಿನ ವಾರ ಕಾರ್ಪೆಂಟರ್ ಟಿವಿ ಯೂನಿಟ್‌ಗೆ ಪ್ಲೈವುಡ್ ಕತ್ತರಿಸುತ್ತಾರೆ. ಎರಡೂ ಬದಿಗೆ ಕಂಬದ ತರಹ ಬಾಕ್ಸ್ ಬಂದು, ನಡುವೆ ನಾಲ್ಕೂವರೆ ಅಡಿ ಜಾಗ ಟಿವಿಗೆ ಬಿಟ್ಟಿದ್ದಾರೆ.

ಗೋಡೆ_ಟಿವಿ_ದಾವಣಗೆರೆ:

ಸರ್, ನಾನು ಹನ್ನೊಂದು ವರ್ಷದಿಂದ ಮನೆಮನೆಗೆ ಹೋಗಿ ಟಿವಿ ಫಿಟ್ಟಿಂಗ್ ಮಾಡುವವನು. ಟಿವಿ ವಿಷಯ ಆಮೇಲೆ. ಮೊದಲು ಕಾರ್ಪೆಂಟರ್‌ಗೆ ಫೋನ್ ಮಾಡಿ, ಪ್ಲೈವುಡ್‌ಗೆ ಕೈ ಹಾಕಬೇಡಿ ಅಂತ ಹೇಳಿ.

ಲೆಕ್ಕ ನೋಡಿ. ಟಿವಿಯ ಇಂಚು ಅಂದರೆ ಮೂಲೆಯಿಂದ ಮೂಲೆಗೆ ಅಳತೆ, ಅಗಲ ಅಲ್ಲ. 55 ಇಂಚಿನದು ಅಡ್ಡಕ್ಕೆ ಸುಮಾರು 123 ಸೆಂಟಿಮೀಟರ್ ಬರುತ್ತದೆ. 65 ಇಂಚಿನದು ಹತ್ತಿರ ಹತ್ತಿರ 145. ನಿಮ್ಮ ನಾಲ್ಕೂವರೆ ಅಡಿ ಅಂದರೆ 137. ಅಂದರೆ ನೀವು ಇನ್ನೂ ಯೋಚನೆ ಮಾಡುತ್ತಿದ್ದೀರಿ, ನಿಮ್ಮ ಕಾರ್ಪೆಂಟರ್ ಆಗಲೇ 55 ಅಂತ ನಿರ್ಧಾರ ಮಾಡಿಬಿಟ್ಟಿದ್ದಾರೆ! ಈ ಟಿವಿ ಎಂಟು ವರ್ಷಕ್ಕೆ ಹೋಗಬಹುದು, ಆ ಯೂನಿಟ್ ಇಪ್ಪತ್ತು ವರ್ಷ ಗೋಡೆಯಲ್ಲೇ ಇರುತ್ತದೆ. ಬದಿಯ ಕಂಬಗಳು ಬೇಡ ಅನ್ನಿ. ಹಿಂದೆ ಒಂದು ಅಗಲವಾದ ಪ್ಯಾನೆಲ್, ಕೆಳಗೆ ಡ್ರಾಯರ್, ಅಷ್ಟು ಸಾಕು. ಕಂಬ ಬೇಕೇ ಬೇಕು ಅಂದರೆ ನಡುವೆ ಆರು ಅಡಿ ಬಿಡಿಸಿ.

ನನ್ನ ಕೈಯಲ್ಲೇ ಆದದ್ದು ಹೇಳುತ್ತೇನೆ. ಹರಿಹರದಲ್ಲಿ ಒಂದು ಮನೆ, ತೇಗದ ಯೂನಿಟ್, ಕೆಲಸ ನೋಡಿದರೆ ಕಣ್ಣಿಗೆ ಹಬ್ಬ. ಹೊಸ ಟಿವಿ ಬಂತು, ಜಾಗಕ್ಕಿಂತ ಅರ್ಧ ಇಂಚು ಜಾಸ್ತಿ. ಆ ಮನೆಯ ಯಜಮಾನರು ಹತ್ತು ನಿಮಿಷ ಸುಮ್ಮನೆ ನಿಂತರು, ಆಮೇಲೆ ಕಂಬದ ಒಳ ಅಂಚನ್ನು ಉಳಿಯಲ್ಲಿ ಕೆತ್ತಿಸಿದರು. ಆ ಗಾಯ ಇವತ್ತಿಗೂ ಹಾಗೇ ಕಾಣುತ್ತದೆ.

ಸೈಜ್ ಬಗ್ಗೆ: 4ಕೆ ಟಿವಿಗೆ ಮೂಲೆಯಿಂದ ಮೂಲೆಯ ಅಳತೆಯ ಒಂದೂವರೆ ಪಟ್ಟು ದೂರ ಅಂತ ಇಟ್ಟುಕೊಳ್ಳಿ. 55ಕ್ಕೆ ಸುಮಾರು 7 ಅಡಿ, 65ಕ್ಕೆ ಸುಮಾರು 8 ಅಡಿ. ನೀವು 9 ಅಡಿಯಲ್ಲಿ ಕೂರುತ್ತೀರಿ. 65 ಆ ಹಾಲ್‌ಗೆ ದೊಡ್ಡದಾಗುವುದಿಲ್ಲ. ಹತ್ತೇ ಇಂಚು ಅನ್ನಿಸಬಹುದು, ಆದರೆ ಪರದೆಯ ಜಾಗ ಹೆಚ್ಚುಕಡಿಮೆ 40 ಪರ್ಸೆಂಟ್ ಜಾಸ್ತಿ ಸಿಗುತ್ತದೆ. ನಂಬಿಕೆ ಬರದಿದ್ದರೆ ಗೋಡೆಗೆ ಪೇಪರ್ ಟೇಪ್ ಅಂಟಿಸಿ ಎರಡೂ ಸೈಜಿನ ಚೌಕ ಮಾಡಿ. 55ಕ್ಕೆ 123 ಅಡ್ಡ, 71 ಎತ್ತರ. 65ಕ್ಕೆ 145 ಅಡ್ಡ, 83 ಎತ್ತರ. ಕುರ್ಚಿ ಹಾಕಿಕೊಂಡು ಎದುರಿಗೆ ಕೂತು ನೋಡಿ. ಹೆಂಡತಿಯನ್ನೂ ಕೂರಿಸಿ.

ಇನ್ನೊಂದು, ಟಿವಿಯನ್ನು ದೇವರ ಫೋಟೋ ತರಹ ಮೇಲಕ್ಕೆ ಹಾಕಿಸಬೇಡಿ. ಕೂತಾಗ ಕಣ್ಣಿನ ಮಟ್ಟಕ್ಕೆ ಪರದೆಯ ನಡುಭಾಗ ಬರಬೇಕು. ನೆಲದಿಂದ ಮೂರೂವರೆ ಅಡಿ ಅಂದರೆ ಸರಿ. ಬಹಳ ಮನೆಗಳಲ್ಲಿ ಐದು ಅಡಿಗೆ ಹಾಕಿಸುತ್ತಾರೆ, ಆಮೇಲೆ ವಯಸ್ಸಾದವರಿಗೆ ಕತ್ತು ನೋವು.

ಶಿವಮೊಗ್ಗದಕ್ಕ:

ಮೇಲಿನ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಬೇರೆ ಎರಡು ವಿಷಯ ಹೇಳುತ್ತೇನೆ, ಅಂಗಡಿಯಲ್ಲಿ ಯಾರೂ ಇದನ್ನು ಹೇಳುವುದಿಲ್ಲ.

ಒಂದು ಶಬ್ದ. ಈಗಿನ ಟಿವಿಗಳು ತೆಳ್ಳಗಿವೆ, ಸ್ಪೀಕರ್ ಕೆಳಕ್ಕೆ ಮುಖ ಮಾಡಿರುತ್ತದೆ. ನಮ್ಮ ಮಾವನವರಿಗೆ ಕಿವಿ ಸ್ವಲ್ಪ ಮಂದ. ದೊಡ್ಡ ಟಿವಿ ಬಂದ ಮೊದಲ ವಾರ ಅವರು ವಾಲ್ಯೂಮ್ 40ಕ್ಕೆ ಇಡುತ್ತಿದ್ದರು, ಆದರೂ "ಏನಂದ್ಲು ಅವಳು?" ಅಂತ ಅತ್ತೆಯನ್ನು ಕೇಳುತ್ತಿದ್ದರು. ಹಿನ್ನೆಲೆ ಸಂಗೀತ ಮನೆ ತುಂಬುತ್ತಿತ್ತು, ಮಾತು ಮಾತ್ರ ಕೇಳುತ್ತಿರಲಿಲ್ಲ. ಆಮೇಲೆ ಒಂದು ಸಾದಾ ಸೌಂಡ್‌ಬಾರ್, ಅಂದರೆ ಟಿವಿ ಕೆಳಗೆ ಇಡುವ ಉದ್ದನೆಯ ಸ್ಪೀಕರ್, ತಂದು, ಟಿವಿಯ ಎಆರ್‌ಸಿ ಅಂತ ಬರೆದಿರುವ ಎಚ್‌ಡಿಎಂಐ ಕಿಂಡಿಗೇ ಹಾಕಿದೆವು. ಬೇರೆ ಎಚ್‌ಡಿಎಂಐ ಕಿಂಡಿಗೆ ಹಾಕಿದರೆ ಟಿವಿಯ ಶಬ್ದ ಅದಕ್ಕೆ ಹೋಗುವುದಿಲ್ಲ. ಈಗ ಅದೇ ಟಿವಿ ರಿಮೋಟ್‌ನಲ್ಲೇ ಶಬ್ದ ಏರಿಳಿಯುತ್ತದೆ, ವಾಲ್ಯೂಮ್ 15ಕ್ಕೇ ಮಾವ ಖುಷಿಯಾಗಿದ್ದಾರೆ. ಹಾಗಾಗಿ 60 ಸಾವಿರದಲ್ಲಿ ಪೂರ್ತಿ ಟಿವಿಗೇ ಸುರಿಯಬೇಡಿ. ಏಳೆಂಟು ಸಾವಿರ ಸೌಂಡ್‌ಬಾರ್‌ಗೆ ಅಂತ ಎತ್ತಿಡಿ. ಮನೆಯಲ್ಲಿ ಹಿರಿಯರಿದ್ದಾರೆ ಅಂತ ಬರೆದಿದ್ದೀರಿ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಎರಡನೇದು ಸಿಡಿಲು ಮತ್ತು ಸರ್ವಿಸ್. ನಮ್ಮ ಕಡೆ ಭರಣಿ, ಕೃತ್ತಿಕೆ ಮಳೆ ಶುರುವಾದರೆ ಸಿಡಿಲಿನ ಆರ್ಭಟ ಹೇಳತೀರದು. ಹಿಂದಿನ ಟಿವಿ ಹೋದದ್ದು ಹಾಗೇ. ಪ್ಲಗ್ ತೆಗೆದಿದ್ದೆವು, ಡಿಶ್ ಕೇಬಲ್ ತೆಗೆಯುವುದು ಮರೆತಿತ್ತು. ಸೆಟ್ ಟಾಪ್ ಬಾಕ್ಸ್ ಸುಟ್ಟು, ಅಲ್ಲಿಂದ ಎಚ್‌ಡಿಎಂಐ ಮೂಲಕ ಟಿವಿಯ ಬೋರ್ಡೂ ಹೋಯಿತು. ಆ ಕಂಪನಿಗೆ ನಮ್ಮ ಊರಲ್ಲಿ ಸರ್ವಿಸ್ ಸೆಂಟರ್ ಇರಲಿಲ್ಲ. ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಅಂತ ಏಳು ವಾರ ಕಾದೆವು. ಬಂದವರು ಬೋರ್ಡ್ ಸಿಗುತ್ತಿಲ್ಲ, ಆ ಮಾಡೆಲ್ ನಿಂತುಹೋಗಿದೆ ಅಂದರು. ಟಿವಿ ತಂದು ಮೂರು ವರ್ಷವೂ ಆಗಿರಲಿಲ್ಲ. ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ ನನಗೆ.

ಮೈಸೂರಲ್ಲಿ ಸರ್ವಿಸ್‌ಗೆ ನಮ್ಮಷ್ಟು ಕಷ್ಟ ಇರಲಿಕ್ಕಿಲ್ಲ. ಆದರೂ ದುಡ್ಡು ಕೊಡುವ ಮೊದಲು ಆ ಕಂಪನಿಯ ಸರ್ವಿಸ್ ನಂಬರ್‌ಗೆ ನೀವೇ ಫೋನ್ ಮಾಡಿ, ನಿಮ್ಮ ಪಿನ್‌ಕೋಡ್ ಹೇಳಿ, ಎಷ್ಟು ದಿನಕ್ಕೆ ಮನೆಗೆ ಬರುತ್ತೀರಿ ಅಂತ ಕೇಳಿ. ಫೋನ್ ಎತ್ತುವ ರೀತಿಯಲ್ಲೇ ಅರ್ಧ ಗೊತ್ತಾಗುತ್ತದೆ.

ಪರದೆ_ಪ್ರೇಮಿ:

ಒಳಗಿನ ವಿಷಯ ನಾನು ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಆದರೆ ಹೆಸರುಗಳ ಗೊಂದಲ ಬಿಡಿಸದೆ ನೀವು ಅಂಗಡಿಯಲ್ಲಿ ಸರಿಯಾದ ಪ್ರಶ್ನೆ ಕೇಳಲು ಆಗುವುದಿಲ್ಲ.

ಕ್ಯೂಎಲ್‌ಇಡಿ ಮತ್ತು ಓಎಲ್‌ಇಡಿ ಹೆಸರು ಒಂದೇ ತರಹ ಕೇಳಿಸುತ್ತದೆ, ಒಳಗೆ ಸಂಬಂಧವೇ ಇಲ್ಲ. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ಕಪ್ಪು ಬೇಕಾದಾಗ ಪೂರ್ತಿ ಆರಿಹೋಗುತ್ತದೆ. ಅದು ನಿಮ್ಮ ಬಜೆಟ್‌ಗೆ ಬರುವುದಿಲ್ಲ, ಬಂದರೂ ನಿಮ್ಮ ಮನೆಗೆ ಬೇಡ. ದಿನಾ ಐದಾರು ಗಂಟೆ ನ್ಯೂಸ್ ಚಾನೆಲ್ ಹಾಕಿದರೆ ಕೆಳಗಿನ ಪಟ್ಟಿ, ಮೂಲೆಯ ಲೋಗೋ ವರ್ಷಗಳು ಕಳೆದಂತೆ ಪರದೆಯಲ್ಲಿ ಅಚ್ಚಾಗುವ ಅಪಾಯ ಇದೆ. ಕ್ಯೂಎಲ್‌ಇಡಿ ಅಂದರೆ ಮಾಮೂಲಿ ಎಲ್‌ಇಡಿ ಟಿವಿಯೇ. ಬಣ್ಣ ಚೆನ್ನಾಗಿ ಬರಲಿ ಅಂತ ಒಂದು ಪದರ ಸೇರಿಸಿರುತ್ತಾರೆ. ಒಳ್ಳೇದೇ, ಆದರೆ ಅದೊಂದೇ ಹೆಸರು ನೋಡಿ ಹತ್ತು ಸಾವಿರ ಜಾಸ್ತಿ ಕೊಡಬೇಡಿ. ಮಿನಿ ಎಲ್‌ಇಡಿಯಲ್ಲಿ ಹಿಂದಿನ ದೀಪಗಳು ಸಣ್ಣ ಸಣ್ಣದಾಗಿ, ಗುಂಪುಗುಂಪಾಗಿ ಇರುತ್ತವೆ. ಕತ್ತಲೆ ದೃಶ್ಯದಲ್ಲಿ ಆಯಾ ಜಾಗದ ದೀಪ ಮಾತ್ರ ಮಂದ ಆಗುತ್ತದೆ. ಚಿತ್ರಕ್ಕೆ ನಿಜವಾಗಿ ಜೀವ ಕೊಡುವುದು ಇದು. ಇಂಥ ಗುಂಪು, ಅಂದರೆ ಝೋನ್, ಎಷ್ಟಿದೆ ಅಂತ ಕೇಳಿ, ಅವರಿಗೆ ಗೊತ್ತಿಲ್ಲದಿದ್ದರೆ ಕಂಪನಿ ವೆಬ್‌ಸೈಟ್ ತೆಗೆಸಿ ನೋಡಿ.

ನಿಮ್ಮ ಅಮ್ಮ ಪಕ್ಕದಿಂದ ನೋಡುತ್ತಾರೆ ಅಂದಿರಲ್ಲ, ನನಗೆ ಅದೇ ಮುಖ್ಯ ಅನ್ನಿಸಿತು. ಎಲ್‌ಇಡಿ ಟಿವಿಗಳ ಪ್ಯಾನೆಲ್‌ನಲ್ಲಿ ಎರಡು ಜಾತಿ. ವಿಎ ಅನ್ನುವುದರಲ್ಲಿ ಕಪ್ಪು ಚೆನ್ನಾಗಿ ಬರುತ್ತದೆ, ಆದರೆ ಬದಿಯಿಂದ ನೋಡಿದರೆ ಬಣ್ಣ ತೊಳೆದ ಹಾಗೆ ಕಾಣುತ್ತದೆ. ಐಪಿಎಸ್ ಬದಿಯಿಂದಲೂ ಚೆನ್ನ, ಆದರೆ ರಾತ್ರಿ ದೀಪ ಆರಿಸಿ ಸಿನಿಮಾ ನೋಡಿದರೆ ಕಪ್ಪು ಜಾಗ ಬೂದಿ ಬಣ್ಣಕ್ಕೆ ತಿರುಗುತ್ತದೆ. ನೀವಿಬ್ಬರೂ ರಾತ್ರಿ ಸಿನಿಮಾ ನೋಡುವವರು, ಅಮ್ಮ ದಿನಾ ಮೂರೂವರೆ ಗಂಟೆ ಪಕ್ಕದಿಂದ ನೋಡುವವರು. ನಾನಾಗಿದ್ದರೆ ವಿಎ ತೆಗೆದುಕೊಂಡು ದಿವಾನವನ್ನು ಎರಡು ಅಡಿ ಒಳಕ್ಕೆ ಸರಿಸುತ್ತಿದ್ದೆ. ದಿವಾನ ಸರಿಯದು ಅಂದರೆ ಅಮ್ಮನ ಕಣ್ಣಿಗೆ ಹಿತ ಆಗುವುದನ್ನೇ ತೆಗೆದುಕೊಳ್ಳಿ. ಒಂದೇ ಮಾಡೆಲ್‌ನಲ್ಲೂ ಸೈಜ್ ಬದಲಾದರೆ ಪ್ಯಾನೆಲ್ ಬದಲಾಗಬಹುದು, ಹಾಗಾಗಿ ನೀವು ಕೊಳ್ಳುವ ಸೈಜಿನದನ್ನೇ ಅಂಗಡಿಯಲ್ಲಿ ಬದಿಗೆ ನಿಂತು ನೋಡಬೇಕು.

ಅಂಗಡಿಯಲ್ಲಿ ಓಡುವ ಹೂವು, ಜೇನು, ಮೀನಿನ ವಿಡಿಯೊ ನೋಡಿ ನಿರ್ಧಾರ ಮಾಡಬೇಡಿ. ಅದು ಎಲ್ಲ ಟಿವಿಯಲ್ಲೂ ಚೆನ್ನಾಗೇ ಕಾಣುತ್ತದೆ. ಪಿಕ್ಚರ್ ಮೋಡ್ ವಿವಿಡ್‌ನಲ್ಲಿ ಇರುತ್ತದೆ, ಅದನ್ನು ಸಿನಿಮಾ ಮೋಡ್‌ಗೆ ಹಾಕಿಸಿ. ಒಂದು ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ವಿಡಿಯೊ ಒಯ್ಯಿರಿ: ರಾತ್ರಿಯ ದೃಶ್ಯ ಒಂದು, ಮದುವೆ ಮನೆಯಲ್ಲಿ ತೆಗೆದದ್ದು ಒಂದು. ಮುಖದ ಬಣ್ಣ ನೋಡಿ. ನಮ್ಮವರ ಮುಖ ಕಿತ್ತಳೆ ಹಣ್ಣಿನ ಹಾಗೆ ಕಂಡರೆ ಆ ಟಿವಿ ಬೇಡ.

ಆಮೇಲೆ ಕೇಬಲ್ ಚಾನೆಲ್ ಹಾಕಿಸಿ ನೋಡಿ, ಇದನ್ನು ಎಲ್ಲರೂ ಮರೆಯುತ್ತಾರೆ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕಿ. ಹಳೇ ಎಸ್‌ಡಿ ಚಾನೆಲ್‌ನಲ್ಲಿ ಬರುವುದು ನಾಲ್ಕು ಲಕ್ಷ ಚಿಲ್ಲರೆ. ಅಂದರೆ ಬಂದ ಒಂದು ಚುಕ್ಕಿಯನ್ನು ಟಿವಿ ಇಪ್ಪತ್ತು ಮಾಡಿ ತೋರಿಸಬೇಕು. ಒಳ್ಳೇ ಪ್ರೊಸೆಸರ್ ಇದ್ದರೆ ನೋಡುವ ಹಾಗಿರುತ್ತದೆ, ಇಲ್ಲದಿದ್ದರೆ 65 ಇಂಚಿನಲ್ಲಿ ಧಾರಾವಾಹಿ ಪೂರ್ತಿ ಮಸುಕು. ಅಮ್ಮ ನೋಡುವ ಚಾನೆಲ್‌ಗಳನ್ನಾದರೂ ಎಚ್‌ಡಿ ಮಾಡಿಸಿಬಿಡಿ.

120 ಹರ್ಟ್ಜ್, ಅಂದರೆ ಪರದೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸುತ್ತದೆ, ಅಂತ ಆಸೆ ತೋರಿಸುತ್ತಾರೆ. ನಮ್ಮಲ್ಲಿ ಟಿವಿ ಪ್ರಸಾರ ಸೆಕೆಂಡಿಗೆ 50ರ ಲೆಕ್ಕದಲ್ಲಿ ಬರುತ್ತದೆ, ಸಿನಿಮಾ 24. ಕ್ರಿಕೆಟ್‌ಗೆ 60 ಹರ್ಟ್ಜ್ ಟಿವಿ ಸಾಕು. ಗೇಮ್ ಆಡುವವರಿಗೆ 120 ಬೇಕು, ನೀವು ಆಡುವುದಿಲ್ಲ ಅಲ್ವಾ? ರ‍್ಯಾಮ್ 2 ಜಿಬಿಗಿಂತ ಕಡಿಮೆ ಇರುವುದು ಬೇಡ, ಎರಡು ವರ್ಷಕ್ಕೆ ರಿಮೋಟ್ ಒತ್ತಿ ಕಾಯುವ ಹಾಗಾಗುತ್ತದೆ. ಇನ್ನು ಎಚ್‌ಡಿಆರ್, ಡಾಲ್ಬಿ ವಿಷನ್ (ಬೆಳಕು ಕತ್ತಲೆಯ ಅಂತರ ಚೆನ್ನಾಗಿ ತೋರಿಸುವ ವಿಧಾನಗಳು) ಅಂತ ಡಬ್ಬದ ಮೇಲೆ ಬರೆದಿದ್ದರೂ, ಪರದೆಗೆ ಸಾಕಷ್ಟು ಬೆಳಕು ಇಲ್ಲದಿದ್ದರೆ ಏನೂ ವ್ಯತ್ಯಾಸ ಕಾಣುವುದಿಲ್ಲ. ನಿಮ್ಮ ಪಶ್ಚಿಮದ ಕಿಟಕಿಗೂ ಬೆಳಕು ಜಾಸ್ತಿ ಇರುವ ಟಿವಿಯೇ ಬೇಕು. ಜೊತೆಗೆ ಒಂದು ದಪ್ಪ ಪರದೆ ಬಟ್ಟೆ, ಅದು ಟಿವಿಗಿಂತ ಅಗ್ಗ.

ಹೊಸಮನೆ_ಮೈಸೂರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಾರ್ಪೆಂಟರ್‌ಗೆ ಅವತ್ತೇ ಫೋನ್ ಮಾಡಿದೆ. ಇನ್ನೂ ಕತ್ತರಿಸಿರಲಿಲ್ಲ, ಕಂಬ ತೆಗೆಸಿ ನೇರ ಪ್ಯಾನೆಲ್ ಮಾಡಿಸುತ್ತಿದ್ದೇನೆ. ನಿನ್ನೆ ಸಂಜೆ ಪೇಪರ್ ಟೇಪ್ ಅಂಟಿಸಿ ಎರಡೂ ಚೌಕ ಮಾಡಿದೆವು. ಸಿಮೆಂಟ್ ಚೀಲದ ಮೇಲೆ ಕೂತು ನೋಡಿದೆವು. 55ರ ಚೌಕ ನೋಡಿ ಹೆಂಡತಿ "ಇಷ್ಟೇನಾ?" ಅಂದಳು. ಹಾಗಾಗಿ 65 ಕಡೆ ವಾಲಿದ್ದೇವೆ. ಆದರೆ 65ರಲ್ಲಿ ಒಳ್ಳೇ ಪ್ಯಾನೆಲ್ ಬೇಕು ಅಂದರೆ 60 ದಾಟುತ್ತಿದೆ. ನೋ ಕಾಸ್ಟ್ ಇಎಂಐ ಹಾಕಿಸಿಬಿಡಲಾ?

ಲೆಕ್ಕದ_ಮೇಷ್ಟ್ರು:

ಬೇಡ ಸರ್. ಮನೆ ಸಾಲದ ಮೇಲೆ ಇನ್ನೊಂದು ಕಂತು ಬೇಡ. ನೋ ಕಾಸ್ಟ್ ಅಂದರೂ ಕ್ರೆಡಿಟ್ ಕಾರ್ಡ್‌ನಲ್ಲಿ ಬಡ್ಡಿ ಭಾಗದ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೀಳುತ್ತದೆ, ಮೇಲೆ ಪ್ರೊಸೆಸಿಂಗ್ ಫೀ. ಜೊತೆಗೆ ಪೂರ್ತಿ ದುಡ್ಡು ಕೊಟ್ಟರೆ ಸಿಗುವ ಡಿಸ್ಕೌಂಟ್ ಎಷ್ಟೋ ಸಲ ಕೈ ತಪ್ಪುತ್ತದೆ. ಅಂಗಡಿಯವರನ್ನು ಎರಡೂ ಲೆಕ್ಕ ಚೀಟಿಯಲ್ಲಿ ಬರೆದುಕೊಡಿ ಅಂತ ಕೇಳಿ.

ಬೆಲೆ ಹೋಲಿಸುವಾಗ ಹಳೇ ರಿವ್ಯೂಗಳಲ್ಲಿ ಇರುವ ರೇಟ್ ನಂಬಬೇಡಿ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಮೂಲ ಬೆಲೆ 50 ಸಾವಿರ ಇರುವ ಟಿವಿ ಮೊದಲು ತೆರಿಗೆ ಸೇರಿ 64 ಸಾವಿರ ಆಗುತ್ತಿತ್ತು, ಈಗ 59. ಯಾರಾದರೂ ಹಳೇ ಎಂಆರ್‌ಪಿ ತೋರಿಸಿ ಇಷ್ಟು ಬಿಟ್ಟಿದ್ದೇವೆ ಅಂದರೆ, ಆ ಬಿಟ್ಟದ್ದರಲ್ಲಿ ಐದು ಸಾವಿರ ಸರ್ಕಾರ ಬಿಟ್ಟಿದ್ದು.

ದುಡ್ಡು ಉಳಿಸುವ ದಾರಿ ಅಂದರೆ ಹೋದ ವರ್ಷದ ಮಾಡೆಲ್. ಹೊಸ ಮಾಡೆಲ್ ಬಂದ ಕೂಡಲೇ ಹಳೇದರ ಬೆಲೆ ಬೀಳುತ್ತದೆ. ಎಷ್ಟೋ ಸಲ ವ್ಯತ್ಯಾಸ ಕಾಲಿನ ಆಕಾರ ಮತ್ತು ರಿಮೋಟ್‌ನಲ್ಲಿ ಮಾತ್ರ. ಆದರೆ ಡಿಸ್‌ಪ್ಲೇಗೆ ಇಟ್ಟಿದ್ದ ಪೀಸ್ ಬೇಡ. ಅದು ದಿನಾ ಹತ್ತು ಗಂಟೆ ಪೂರ್ತಿ ಬೆಳಕಲ್ಲಿ ಓಡಿರುತ್ತದೆ. ಸೀಲ್ ಒಡೆಯದ ಡಬ್ಬವೇ ಬೇಕು ಅನ್ನಿ.

ಕರೆಂಟ್ ಬಗ್ಗೆಯೂ ಒಂದು ಮಾತು. ಸ್ಟಾರ್ ಲೇಬಲ್‌ನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತದೆ. ಟಿವಿ 150 ವ್ಯಾಟ್ ಎಳೆದರೆ, ನಿಮ್ಮ ಮನೆಯಲ್ಲಿ ಎಲ್ಲರದ್ದೂ ಸೇರಿ ಎಂಟು ಗಂಟೆ ಓಡಿದರೆ, ತಿಂಗಳಿಗೆ 36 ಯೂನಿಟ್. ಗೃಹಜ್ಯೋತಿ ಲೆಕ್ಕದಲ್ಲಿ ಇರುವವರಿಗೆ ಇದು ಸಣ್ಣ ಸಂಖ್ಯೆ ಅಲ್ಲ. ವಿವಿಡ್ ಮೋಡ್ ಬಿಟ್ಟು ಸಿನಿಮಾ ಮೋಡ್‌ಗೆ ಹಾಕಿದರೆ ಕರೆಂಟೂ ಕಡಿಮೆ, ಕಣ್ಣಿಗೂ ತಂಪು.

ಗೋಡೆ_ಟಿವಿ_ದಾವಣಗೆರೆ:

ಗೋಡೆಗೆ ಪ್ಲೈವುಡ್ ಪ್ಯಾನೆಲ್ ಹೊಡೆಯುವ ಮೊದಲೇ ಒಂದು ಕೆಲಸ ಮಾಡಿಸಿ. ಟಿವಿ ಹಿಂದಿನಿಂದ ಕೆಳಗಿನ ಡ್ರಾಯರ್‌ವರೆಗೆ 2 ಇಂಚಿನ ಪಿವಿಸಿ ಪೈಪ್ ಗೋಡೆ ಒಳಗೆ ಇಡಿಸಿ. ಎಲೆಕ್ಟ್ರಿಷಿಯನ್ ಮುಕ್ಕಾಲು ಇಂಚಿನ ಪೈಪ್ ಸಾಕು ಅನ್ನುತ್ತಾರೆ. ಅದರಲ್ಲಿ ವೈರ್ ಹೋಗುತ್ತದೆ, ಎಚ್‌ಡಿಎಂಐ ಕೇಬಲ್‌ನ ತಲೆ ಹೋಗುವುದಿಲ್ಲ. ಪೇಂಟ್ ಆದ ಮೇಲೆ ಇದು ಗೊತ್ತಾದರೆ ಕೇಬಲ್ ಗೋಡೆ ಮೇಲೆ ಹಾವಿನ ಹಾಗೆ ನೇತಾಡುತ್ತದೆ. ಟಿವಿ ಹಿಂದೆ ಎರಡು, ಕೆಳಗೆ ನಾಲ್ಕು ಪ್ಲಗ್ ಪಾಯಿಂಟ್ ಇರಲಿ. ಗೋಡೆ ಹಗುರ ಬ್ಲಾಕಿನದ್ದಾದರೆ ಫಿಟ್ಟಿಂಗ್‌ಗೆ ಬರುವವರಿಗೆ ಮೊದಲೇ ಹೇಳಿ, ಸ್ಕ್ರೂ ಕೂರಿಸುವ ಮಾಮೂಲಿ ಪ್ಲಾಸ್ಟಿಕ್ ಬೆಣೆ ಅದರಲ್ಲಿ ನಿಲ್ಲುವುದಿಲ್ಲ, ಅದಕ್ಕೇ ಅಂತ ಬೇರೆ ಬೋಲ್ಟ್ ಬರುತ್ತದೆ. ಮತ್ತೆ, ಟಿವಿ ಡಬ್ಬವನ್ನು ಯಾವತ್ತೂ ಮಲಗಿಸಬೇಡಿ. ನಿಲ್ಲಿಸಿಯೇ ತರಬೇಕು, ನಿಲ್ಲಿಸಿಯೇ ಇಡಬೇಕು. ಪರದೆ ಒಡೆದರೆ ವಾರಂಟಿ ಬರುವುದಿಲ್ಲ.

ಹೊಸಮನೆ_ಮೈಸೂರು:

ಕೊನೆಗೂ ಮುಗಿಯಿತು, ತಿಳಿಸೋಣ ಅಂತ ಬಂದೆ. ಭಾನುವಾರ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋದೆ. ಅಮ್ಮನಿಗೆ ಒಂದು ಕುರ್ಚಿ ಹಾಕಿಸಿ, ದಿವಾನ ಇರುವ ಕೋನದಲ್ಲೇ ಕೂರಿಸಿ ನಾಲ್ಕು ಟಿವಿ ತೋರಿಸಿದೆವು. ಎರಡನ್ನು ಅವರೇ "ಮುಖ ಬೆಳ್ಳಗೆ ಕಾಣುತ್ತೆ, ಬೇಡ" ಅಂದರು. ಹೋದ ವರ್ಷದ 65 ಇಂಚಿನ ಮಾಡೆಲ್ ಒಂದು 52 ಸಾವಿರಕ್ಕೆ ಸಿಕ್ಕಿತು. ಕ್ಯೂಎಲ್‌ಇಡಿ, ಝೋನ್ ಇಲ್ಲ, ಆದರೆ ಕೇಬಲ್ ಚಾನೆಲ್ ಚೆನ್ನಾಗಿ ತೋರಿಸುತ್ತದೆ. ಉಳಿದದ್ದರಲ್ಲಿ ಸೌಂಡ್‌ಬಾರ್ ಬಂತು. ಪೈಪ್ ಹಾಕಿಸಿದ್ದೇನೆ, ಗೋಡೆಯಲ್ಲಿ ಒಂದು ವೈರೂ ಕಾಣುವುದಿಲ್ಲ. ಟಿವಿ ಆನ್ ಮಾಡಿದರೆ ನೇರ ಸೆಟ್ ಟಾಪ್ ಬಾಕ್ಸ್‌ಗೆ ಬರುವ ಹಾಗೆ ಸೆಟ್ಟಿಂಗ್ ಇಟ್ಟಿದ್ದೇನೆ, ಅಪ್ಪ ಯಾರನ್ನೂ ಕೇಳದೆ ಚಂದನ ಹಾಕಿಕೊಳ್ಳುತ್ತಾರೆ.

ಒಂದು ಕೊನೇ ಪ್ರಶ್ನೆ. ಡಬ್ಬ ದೊಡ್ಡದಿದೆ, ರೂಮಿನ ಅರ್ಧ ಜಾಗ ಹಿಡಿದಿದೆ. ಎಸೆಯಬಹುದಾ?

ಗೋಡೆ_ಟಿವಿ_ದಾವಣಗೆರೆ:

ವಾರಂಟಿ ಮುಗಿಯುವವರೆಗೆ ಬೇಡ ಸರ್. ಸರ್ವಿಸ್‌ಗೆ ಒಯ್ಯಬೇಕಾದರೆ ಆ ಡಬ್ಬ, ಆ ಥರ್ಮಾಕೋಲ್ ಇಲ್ಲದೆ ಕಷ್ಟ. ಡಬ್ಬ ಮಡಚಿ ಮಂಚದ ಕೆಳಗೆ ಹಾಕಿ, ಥರ್ಮಾಕೋಲ್ ಅಟ್ಟಕ್ಕೆ ಏರಿಸಿ. ಇಲಿ ಇಲ್ಲದ ಅಟ್ಟ ಆಗಿರಲಿ.